ಕೂಡಿ ಹೊರಟ ಸೈಕಲ್ ಸವಾರಿ: ಕಡೆಯವಳು ಮನೆ ಮುಟ್ಟುವ ತನಕ

ನಿಮ್ಮ ಮನೆಯ ಜಗಲಿಯ ಮೂಲೆಯಲ್ಲೋ, ಕೊಟ್ಟಿಗೆಯ ಗೋಡೆಗೋ ಒಂದು ಸೈಕಲ್ ಒರಗಿ ನಿಂತಿದೆಯೇ? ಮಗಳು ಹೈಸ್ಕೂಲಿಗೆ ಹೋಗುವಾಗ ತುಳಿದದ್ದು, ಅವಳು ಕಾಲೇಜು ಸೇರಿದ ಮೇಲೆ ಯಾರೂ ಮುಟ್ಟದೆ ಜೇಡ ಬಲೆ ಕಟ್ಟಿದ್ದು? ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸರಕಾರ ಸೈಕಲ್ ಕೊಡತೊಡಗಿದ ಮೇಲೆ ಇಂಥ ಸೈಕಲ್ಲು ಎಷ್ಟೋ ಮನೆಗಳಲ್ಲಿ ಕಾಣಸಿಗುತ್ತದೆ. ನಮ್ಮ ಮನೆಯಲ್ಲೂ ಇತ್ತು. ಒಂದು ದಿನ ಅದರ ಧೂಳು ಒರೆಸಿ, ಗಾಳಿ ಹಾಕಿಸಿ, ಯಾರೂ ನೋಡದ ಹೊತ್ತಿನಲ್ಲಿ ಹತ್ತಿದೆ. ನಲವತ್ತಾರರ ಹೆಂಗಸು ಬೆಳಗಿನ ಐದೂವರೆಗೆ ಶಿರಸಿಯ ಓಣಿಯಲ್ಲಿ ಸೈಕಲ್ ಕಲಿಯುವುದೆಂದರೆ ನಗೆಯ ವಿಷಯವೇ! ಆದರೆ ಚಿಕ್ಕಂದಿನಲ್ಲಿ ಕಲಿತದ್ದನ್ನು ಕಾಲು ಮರೆತಿರಲಿಲ್ಲ.

ಒಬ್ಬಳೇ ಹೋದದ್ದನ್ನು ನೋಡಿ ಪಕ್ಕದ ಮನೆಯವಳು ಬಂದಳು. ಅವಳನ್ನು ನೋಡಿ ಇನ್ನೊಬ್ಬಳು. ಕೊನೆಗೆ ನನ್ನ ಅತ್ತಿಗೆಯೂ ಬಂದರು. ಹೀಗೆ ನಾವು ಏಳು ಜನ ಆದೆವು. ಏಳು ಜನ ಆದಮೇಲೆ ಸುಮ್ಮನೆ ಇರುವುದು ಹೇಗೆ? "ಸಿದ್ದಾಪುರಕ್ಕೆ ಹೋಗಿ ಬರೋಣ" ಎಂದು ಯಾರೋ ಅಂದರು. ಎಲ್ಲರೂ ಹೂಂ ಅಂದೆವು.

ಆ ಸವಾರಿಯಲ್ಲಿ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುವುದಕ್ಕೇ ಈ ಲೇಖನ. ನೀವೂ ನಾಲ್ಕು ಜನ ಗೆಳತಿಯರನ್ನು ಕೂಡಿಸಿಕೊಂಡು ಹೊರಡುವವರಿದ್ದರೆ ನನ್ನ ಹಾಗೆ ಮಾಡಬಾರದು, ನೋಡಿ!

ದೂರದ ಸವಾರಿ ಹೊಸದೇನಲ್ಲ

ಗುಂಪು ಕಟ್ಟಿಕೊಂಡು ದೂರ ಸೈಕಲ್ ತುಳಿಯುವ ಹವ್ಯಾಸ ನೂರು ವರ್ಷಕ್ಕೂ ಹಳೆಯದು. ಫ್ರಾನ್ಸ್ ದೇಶದಲ್ಲಿ ಪ್ಯಾರಿಸ್‌ನಿಂದ ಬ್ರೆಸ್ಟ್ ಎಂಬ ಕಡಲೂರಿಗೆ ಹೋಗಿ ತಿರುಗಿ ಪ್ಯಾರಿಸ್‌ಗೆ ಬರುವ ಸವಾರಿ 1891ರಲ್ಲೇ ಶುರುವಾಯಿತು. ಸುಮಾರು 1200 ಕಿಲೋಮೀಟರ್! ಮೊದಲಿಗೆ ಅದು ಗೆಲ್ಲುವವರ ಪಂದ್ಯವಾಗಿತ್ತು. 1931ರಿಂದ ಹವ್ಯಾಸಿಗಳಿಗೂ ಜಾಗ ಸಿಕ್ಕಿತು. ಆ ವರ್ಷವೇ ಹೆಂಗಸರೂ ಅದನ್ನು ಪೂರ್ತಿ ಮಾಡಿದರು. ಈಗ ಅದು ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, 2023ರಲ್ಲಿ ನಡೆಯಿತು. ಹೆಚ್ಚೆಂದರೆ 90 ಗಂಟೆಯೊಳಗೆ ಮುಗಿಸಬೇಕು.

ಅದಕ್ಕೆ ಮೆಟ್ಟಿಲಾಗಿ 'ಬ್ರೆವೆ' ಎನ್ನುವ ಸವಾರಿಗಳಿವೆ. ಬೆಂಗಳೂರು, ಹುಬ್ಬಳ್ಳಿಗಳಂಥ ಊರುಗಳಲ್ಲಿ ಸೈಕಲ್ ಪ್ರಿಯರು ಇವನ್ನು ನಡೆಸುತ್ತಾ ಬಂದಿದ್ದಾರೆ. ಲೆಕ್ಕ ಹೀಗೆ: 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಅಲ್ಲವೇ? ಆದರೆ ಭಾಗಿಸಿ ನೋಡಿ. 200 ಕಿ.ಮೀ.ಗೆ ಗಂಟೆಗೆ 15 ಕಿ.ಮೀ. ಕೂಡ ಬೇಡ, ಅದರಲ್ಲೇ ಊಟ, ತಿಂಡಿ, ಪಂಕ್ಚರ್ ಎಲ್ಲಾ ಬಂತು.

ಈ ಸವಾರಿಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಬೇರೆಯೇ ಇದೆ. ಮೊದಲನೆಯವರು, ಎರಡನೆಯವರು ಎಂಬ ಸ್ಥಾನಮಾನ ಇಲ್ಲಿಲ್ಲ. ಎಂಟು ಗಂಟೆಯಲ್ಲಿ ಬಂದವನೂ ಹದಿಮೂರು ಗಂಟೆಯಲ್ಲಿ ಬಂದವಳೂ ಒಂದೇ ಪಟ್ಟಿಯಲ್ಲಿ. ದಾರಿಯಲ್ಲಿ ಗೊತ್ತುಮಾಡಿದ ಠಾಣೆಗಳಿರುತ್ತವೆ. ಅಲ್ಲಿ ನಿಮ್ಮ ಚೀಟಿಗೆ ಮುದ್ರೆ ಬೀಳಬೇಕು, ವೇಳೆ ಬರೆಸಬೇಕು. ಆ ಠಾಣೆ ಮುಚ್ಚುವುದರೊಳಗೆ ಮುಟ್ಟಿದರಾಯಿತು. ಯಾರು ದಾರಿಯಲ್ಲಿದ್ದಾರೆ, ಯಾರು ಬಂದರು ಎಂಬ ಲೆಕ್ಕ ಆ ಚೀಟಿಯಿಂದಲೇ ತಿಳಿಯುತ್ತದೆ.

ನಮ್ಮ ಕಡೆಯದೇ ಬೇಕೆಂದರೆ 2008ರಲ್ಲಿ ಶುರುವಾದ 'ಟೂರ್ ಆಫ್ ನೀಲ್ಗಿರೀಸ್' ಇದೆ. ಕರ್ನಾಟಕದಿಂದ ಹೊರಟು ನೀಲಗಿರಿಯ ಬೆಟ್ಟ ಹತ್ತಿಳಿಯುವ, ಹಲವು ದಿನಗಳ ಸವಾರಿ ಅದು. ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಲಹಟ್ಟಿ ಘಟ್ಟದಲ್ಲಿ 36 ತಿರುವುಗಳು. ಅಲ್ಲಿ ಸೈಕಲ್ ಇಳಿದು ತಳ್ಳಿದವರಿಗೂ ಯಾರೂ ನಗುವುದಿಲ್ಲವಂತೆ.

ಹೆಂಗಸರ ಸವಾರಿಯ ಮಾತು ಬಂದರೆ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯನ್ನು ಮರೆಯುವಂತಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ 'ಅರಿವೊಳಿ ಇಯಕ್ಕಂ' ಎಂಬ ಸಾಕ್ಷರತಾ ಆಂದೋಲನ ಅಕ್ಷರದ ಜೊತೆ ಸೈಕಲನ್ನೂ ಕಲಿಸಿತು. 1992ರ ಮಹಿಳಾ ದಿನದಂದು 1500 ಮಂದಿ ಹೆಂಗಸರು ಸೈಕಲ್ ಹತ್ತಿ ಬೀದಿಗಿಳಿದರು. ಲೇಡೀಸ್ ಸೈಕಲ್ ಸಾಲದೇ ಹೋದಾಗ ಗಂಡಸರ ಸೈಕಲ್ಲನ್ನೇ ಕೊಂಡವರಿದ್ದಾರೆ. "ನಡುವಿನ ಕಂಬಿ ಇದ್ದರೆ ಒಳ್ಳೇದೇ ಆಯ್ತು, ಮಗು ಕೂರಿಸಬಹುದು" ಎನ್ನುವುದು ಅವರ ಲೆಕ್ಕ! ನೀರು ತರಲು, ಸಂತೆಗೆ ಸಾಮಾನು ಒಯ್ಯಲು, ಬಸ್ಸಿಗೆ ಕಾಯದೆ ಕೆಲಸಕ್ಕೆ ಹೋಗಲು ಅವರಿಗೆ ಸೈಕಲ್ ಬಂತು. ಒಬ್ಬಿಬ್ಬರು ಹೊರಟಿದ್ದರೆ ಊರು ನಗುತ್ತಿತ್ತೇನೋ. ಸಾವಿರ ಜನ ಒಟ್ಟಿಗೆ ಹೊರಟರೆ ನಗುವವರು ಯಾರು?

ನಮ್ಮ ದಾರಿ ಎಂಥದ್ದು?

ಶಿರಸಿ ನಡುವೆ, ದಕ್ಷಿಣಕ್ಕೆ ಸಿದ್ದಾಪುರ ಸುಮಾರು 37 ಕಿ.ಮೀ., ಉತ್ತರಕ್ಕೆ ಯಲ್ಲಾಪುರ ಸುಮಾರು 50 ಕಿ.ಮೀ. ಯಲ್ಲಾಪುರದಿಂದ ಹೊರಟು ಶಿರಸಿ, ಸಿದ್ದಾಪುರ ದಾಟಿ ಜೋಗ ನೋಡಿ ಅದೇ ದಾರಿಯಲ್ಲಿ ತಿರುಗಿದರೆ 200 ಕಿ.ಮೀ. ದಾಟುತ್ತದೆ. ಅಂದರೆ ಬ್ರೆವೆಯ ಮೊದಲ ಮೆಟ್ಟಿಲು ನಮ್ಮ ಬಾಗಿಲಲ್ಲೇ ಇದೆ!

ಶಿರಸಿಯಿಂದ ಸಿದ್ದಾಪುರದ ದಾರಿ ಹೊಸಬರಿಗೆ ಒಳ್ಳೆಯದು. ಕಾನಸೂರಿನಲ್ಲಿ ಒಮ್ಮೆ ಕೂತು ಎದ್ದು ಹೋಗಬಹುದು. ತೋಟ, ಗದ್ದೆ, ಸೊಪ್ಪಿನ ಬೆಟ್ಟ. ಏರಿದಷ್ಟು ಇಳಿಯುವುದೂ ಇದೆ. ಯಲ್ಲಾಪುರದ ದಾರಿ ಸ್ವಲ್ಪ ಬಿರುಸು. ಸೋಂದೆ, ಸಹಸ್ರಲಿಂಗದ ಕಡೆಗೆ ತಿರುಗುವ ದಾರಿಗಳನ್ನು ಬಿಟ್ಟು ಮುಂದೆ ಹೋದರೆ ಮಂಚಿಕೇರಿ, ಆಮೇಲೆ ಯಲ್ಲಾಪುರ. ನಡುವೆ ಶಾಲ್ಮಲೆ, ಬೇಡ್ತಿ ಹೊಳೆಗಳು. ಹೊಳೆ ಇದ್ದಲ್ಲಿ ಇಳಿಯಬೇಕು, ಇಳಿದ ಮೇಲೆ ಹತ್ತಲೇಬೇಕು. ಇಳಿಯುವಾಗಿನ ಖುಷಿಯ ಬಡ್ಡಿಯನ್ನು ಹತ್ತುವಾಗ ಕಟ್ಟಬೇಕು ಅನ್ನಿ! ಯಲ್ಲಾಪುರ ಮುಟ್ಟಿದ ಮೇಲೆ ಹುಬ್ಬಳ್ಳಿ-ಅಂಕೋಲಾ ಹೆದ್ದಾರಿ ಬರುತ್ತದೆ. ಅಲ್ಲಿ ಲಾರಿಗಳದೇ ರಾಜ್ಯ. ಹೊಸಬರು ಆ ಹೆದ್ದಾರಿಗೆ ಹೋಗುವುದೇ ಬೇಡ.

ನನ್ನ ತಪ್ಪು

2022ರ ಡಿಸೆಂಬರ್. ಏಳು ಜನ ಹೊರಟೆವು. ಏಳಕ್ಕೆ ಹೊರಡುವುದು ಎಂದು ಗೊತ್ತಾಗಿತ್ತು. ಮನೆಗೆಲಸ ಮುಗಿಸಿ ಎಲ್ಲರೂ ಸೇರುವಾಗ ಒಂಬತ್ತು. ಸಿದ್ದಾಪುರ ಮುಟ್ಟುವಾಗ ಹನ್ನೆರಡೂ ಮುಕ್ಕಾಲು. ನೆಂಟರ ಮನೆಯಲ್ಲಿ ಊಟ, ಕವಳ, ಮಾತು. ತಿರುಗಿ ಹೊರಟದ್ದು ಮೂರಕ್ಕೆ. ಗುಂಪು ಕೂಡಿಸಿದವಳು ನಾನು. ಎಲ್ಲರಿಗಿಂತ ಮುಂದೆ ಇದ್ದವಳೂ ನಾನೇ. ಕಾಲಿಗೆ ಹುರುಪು ಬಂದಿತ್ತು, ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಲಿಲ್ಲ.

ಶಿರಸಿಯ ಹೊರವಲಯದಲ್ಲಿ ಚಾ ಕುಡಿಯುತ್ತಾ, ಫೋಟೋ ತೆಗೆಯೋಣ ಎಂದು ಸಾಲಾಗಿ ನಿಂತೆವು. ಫೋಟೋದಲ್ಲಿ ಆರೇ ಜನ! ಅತ್ತಿಗೆ ಇಲ್ಲ. ಫೋನ್ ಮಾಡಿದರೆ ಹತ್ತುವುದಿಲ್ಲ. ಆ ಕಾಡಿನ ತುಂಡಿನಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಕತ್ತಲಾಗತೊಡಗಿತ್ತು. ಯಜಮಾನರು ಕಾರು ತೆಗೆದರು. ಆ ಹಾದಿಯಲ್ಲಿ ಪ್ರತಿ ತಿರುವಿನಲ್ಲೂ ನನ್ನ ಜೀವ ಬಾಯಿಗೆ ಬಂದಿತ್ತು.

ಅತ್ತಿಗೆಯವರ ಚೈನು ಕಳಚಿ ಹಲ್ಲು-ಚೌಕಟ್ಟಿನ ನಡುವೆ ಸಿಕ್ಕಿಬಿದ್ದಿತ್ತು. ಮೊದಲು ನಮ್ಮನ್ನು ಕೂಗಿದರಂತೆ. ಆಮೇಲೆ ಸೈಕಲ್ ತಳ್ಳುತ್ತಾ ನಡೆದರಂತೆ. ರಸ್ತೆ ಬದಿಯ ಒಂದು ತೋಟದ ಮನೆಯ ಹೆಂಗಸು ಕರೆದು, "ಮೊದಲು ಕೂತ್ಕೊಳ್ಳಿ, ಆಸರಿಗೆ ಎಂತ ಕೊಡ್ಲಿ?" ಎಂದು ಕೇಳಿ ಬೆಲ್ಲ, ನೀರು ಕೊಟ್ಟು ಕೂರಿಸಿಕೊಂಡಿದ್ದರು. ಪುಣ್ಯಾತ್ಗಿತ್ತಿ! ಅವರ ಜಗಲಿಯ ದೀಪದ ಕೆಳಗೆ ಅತ್ತಿಗೆ ಕೂತದ್ದನ್ನು ಕಂಡಾಗ ನನಗೆ ಅಳು ಬಂತು.

ಅತ್ತಿಗೆ ಬೈಯಲಿಲ್ಲ. ಕಾರಿನಲ್ಲಿ ಒಂದೇ ಮಾತು ಹೇಳಿದರು: "ಕತ್ತಲೆಗೆ ಹೆದರಿಕೆ ಆಗಲಿಲ್ಲ ಮಾರಾಯ್ತಿ. ನಾನು ಇಲ್ಲ ಹೇಳಿ ನಿಮಗೆ ಯಾರಿಗೂ ಗೊತ್ತಾಗಲಿಲ್ಲ, ಅದಕ್ಕೆ ಬೇಜಾರಾಯ್ತು."

ಆ ಮೇಲೆ ಒಂದು ವರ್ಷ ಅವರ ಸೈಕಲ್ ಗೋಡೆಗೆ ಒರಗಿಯೇ ಇತ್ತು. ನಮ್ಮ ಗುಂಪೂ ಒಡೆದು ಹೋಯಿತು. ನಾನೂ ಯಾವ ಮುಖ ಇಟ್ಟುಕೊಂಡು ಕರೆಯಲಿ?

ಅತ್ತೆಯವರು ಹೇಳಿದ ಪಾಠ

ಒಂದು ದಿನ ಸಮಾರಾಧನೆಯ ಊಟ ಮುಗಿಸಿ ಬಂದು, ಅತ್ತೆಯವರು ಅಡಕೆ ಕತ್ತರಿಸುತ್ತಾ ಹೇಳಿದರು: "ಮೊದಲ ಪಂಕ್ತಿಗೆ ಯಾರಾದರೂ ಚೆಂದ ಬಡಿಸ್ತಾರೆ. ಮನೆಯವರ ಮರ್ಯಾದೆ ಗೊತ್ತಾಗೋದು ಕಡೇ ಪಂಕ್ತಿಯಲ್ಲಿ. ಅವರಿಗೂ ಅನ್ನ ಬಿಸಿ ಇತ್ತಾ, ಪಾಯಸ ಉಳಿದಿತ್ತಾ ನೋಡು. ಬಡಿಸೋ ಯಜಮಾನ್ತಿ ಎಲ್ಲರ ಕಡೆಗೆ ಉಣ್ಣಬೇಕು."

ನನಗೆ ಥಟ್ಟನೆ ಹೊಳೆಯಿತು. ನೂರು ಜನರ ಊಟ ಸುಧಾರಿಸುವ ನಾವು, ಏಳು ಜನರ ಸವಾರಿ ಸುಧಾರಿಸಲಾರದೆ ಹೋದೆವಲ್ಲ! ತಲೆ ಎಣಿಸುವುದು, ಹೊತ್ತು ನೋಡುವುದು, ಯಾರಿಗೆ ಏನು ಆಗುವುದಿಲ್ಲ ಎಂದು ನೆನಪಿಡುವುದು, ಕಡೆಯವರಿಗೆ ಎತ್ತಿಡುವುದು: ಇವೆಲ್ಲ ದಿನವೂ ನಾವು ಮಾಡುವ ಕೆಲಸವೇ ತಾನೆ?

ಮರುದಿನವೇ ಅತ್ತಿಗೆಯವರಲ್ಲಿಗೆ ಹೋಗಿ, "ತಪ್ಪಾಯ್ತು. ಈ ಸಲ ನೀವೇ ನಡೆಸಿಕೊಡಿ" ಎಂದೆ. ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, "ನಡೆಸ್ತೇನೆ. ಆದ್ರೆ ನಾನು ಎಲ್ಲರಿಗಿಂತ ಹಿಂದೆ ಇರೋದು, ನನ್ನ ಹಿಂದೆ ಯಾರೂ ಇರೂಲಾಗ" ಎಂದರು.

ನಾವು ಮಾಡಿಕೊಂಡ ಕಟ್ಟುಪಾಡು

ಅತ್ತಿಗೆ ಒಂದು ಹಳೆಯ ನೋಟುಬುಕ್ಕಿನಲ್ಲಿ ಬರೆದದ್ದನ್ನು ನಿಮಗೂ ಕೊಡುತ್ತಿದ್ದೇನೆ. ಕತ್ತರಿಸಿ ಇಟ್ಟುಕೊಳ್ಳಿ.

1. ಹೊತ್ತಿನ ಲೆಕ್ಕ ಹಿಂದಿನಿಂದ ಹಾಕಿ. ಡಿಸೆಂಬರ್-ಜನವರಿಯಲ್ಲಿ ಸಂಜೆ ಆರೂಕಾಲಿಗೆಲ್ಲ ಕತ್ತಲು. ಗಂಟೆಗೆ 12 ಕಿ.ಮೀ. ಎಂದರೆ 74 ಕಿ.ಮೀ.ಗೆ ಆರು ಗಂಟೆಯ ಮೇಲೆ ಹತ್ತು ನಿಮಿಷ. ನಿಲ್ಲುವುದಕ್ಕೆ ಒಂದೂಮುಕ್ಕಾಲು ಗಂಟೆ. ಅಡಚಣೆಗೆಂದು ಇನ್ನೊಂದೂವರೆ ಗಂಟೆ ಎತ್ತಿಡಿ. ಬೆಳಿಗ್ಗೆ ಆರೂಮುಕ್ಕಾಲಿಗೆ ಹೊರಟರೆ ಸಂಜೆ ನಾಲ್ಕೂಕಾಲು, ನಾಲ್ಕೂವರೆಗೆ ಮನೆ. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲೇ ಇದ್ದರೂ ಮನೆಯ ಕಡೆ ತಿರುಗಬೇಕು.

2. ಮುಂದೊಬ್ಬಳು, ಹಿಂದೊಬ್ಬಳು. ಮುಂದಿನವಳನ್ನು ಯಾರೂ ದಾಟಬಾರದು, ಹಿಂದಿನವಳ ಹಿಂದೆ ಯಾರೂ ಉಳಿಯಬಾರದು. ಅನುಭವ ಹೆಚ್ಚಿದ್ದವರೇ ಹಿಂದೆ ಇರಬೇಕು. ಇಬ್ಬರ ಕೊರಳಲ್ಲೂ ಸೀಟಿ. ನೆಟ್‌ವರ್ಕ್ ಇಲ್ಲದಲ್ಲಿ ಸೀಟಿಯೇ ಟೆಲಿಫೋನು.

3. ಪ್ರತಿ ಠಾಣೆಯಲ್ಲಿ ತಲೆ ಎಣಿಸಿ. ಪ್ರತಿಯೊಬ್ಬರಿಗೂ ರಟ್ಟಿನ ಚೀಟಿ. ಹೆಸರು, ಮನೆಯ ಫೋನು, ರಕ್ತದ ಗುಂಪು, ತೆಗೆದುಕೊಳ್ಳುವ ಔಷಧಿ ಅದರಲ್ಲಿ ಬರೆದಿರಲಿ. ಕಡೆಯವಳು ಬಂದು ಉಸಿರು ತೆಗೆದು ನೀರು ಕುಡಿಯುವ ತನಕ ಮೊದಲು ಬಂದವರು ಹೊರಡಕೂಡದು. ಅವಳು ಬಂದ ಕೂಡಲೇ ಎಲ್ಲರೂ ಎದ್ದು ಹೊರಟರೆ ದಣಿದವಳಿಗೆ ವಿಶ್ರಾಂತಿಯೇ ಇಲ್ಲದ ಹಾಗಾಗುತ್ತದೆ. ಇದನ್ನು ಬಹಳ ಜನ ಮರೆಯುತ್ತಾರೆ.

4. ಬಚ್ಚಲಿನ ಮಾತು ನಾಚಿಕೆಯಿಲ್ಲದೆ ಆಡಿ. ನಮ್ಮ ಹೆಂಗಸರು ದಾರಿಯಲ್ಲಿ ನೀರು ಕುಡಿಯದಿರುವುದೇ ಇದಕ್ಕೆ ಹೆದರಿ. ನೀರು ಕುಡಿಯದಿದ್ದರೆ ತಲೆ ಸುತ್ತು, ಕಾಲು ಸೆಳೆತ. ಆದ್ದರಿಂದ 15-20 ಕಿ.ಮೀ.ಗೊಂದು ಪರಿಚಯದ ಮನೆಯನ್ನೋ ಬಸ್‌ಸ್ಟ್ಯಾಂಡನ್ನೋ ಮೊದಲೇ ಗೊತ್ತು ಮಾಡಿ. ಮುಟ್ಟಿನ ದಿನವಿದ್ದವರು ಬೇಕಾದ್ದನ್ನು ಜೊತೆಗೆ ಇಟ್ಟುಕೊಳ್ಳಲಿ. ಗುಂಪಿನ ಚೀಲದಲ್ಲೂ ಒಂದು ಕಟ್ಟು ಇರಲಿ.

5. ನಡುವೆ ಬಿಟ್ಟರೆ ಅವಮಾನವಿಲ್ಲ. "ಸಾಕು" ಎಂದವಳನ್ನು ಹುರಿದುಂಬಿಸುವ ನೆಪದಲ್ಲಿ ಪೀಡಿಸಬೇಡಿ. ಬಸ್ಸಿಗೆ ಹತ್ತಿಸಿ, ಮನೆಗೆ ಫೋನ್ ಮಾಡಿ, ಸೈಕಲ್ ತರುವ ವ್ಯವಸ್ಥೆ ಮೊದಲೇ ಮಾಡಿರಿ.

6. ಸೈಕಲ್ ನೋಡಿಕೊಳ್ಳಿ. ಹೊರಡುವ ವಾರದ ಮೊದಲೇ ರಿಪೇರಿ ಅಂಗಡಿಗೆ ಒಯ್ದು ಬ್ರೇಕು, ಟೈರು, ಚೈನು ತೋರಿಸಿ. ಸೀಟಿನ ಎತ್ತರಕ್ಕೆ ಸುಲಭದ ಲೆಕ್ಕ: ಪೆಡಲು ತೀರಾ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಿದ್ದರೆ ಮೊಣಕಾಲು ನೋಯುತ್ತದೆ. ಗುಂಪಿಗೆ ಒಂದು ಪಂಪು, ಪಂಕ್ಚರ್ ಸಾಮಾನು, ಹೊಂದುವ ಟ್ಯೂಬು ಇರಲಿ. ಕಳಚಿದ ಚೈನು ಹಾಕುವುದನ್ನು ಪ್ರತಿಯೊಬ್ಬರೂ ಕಲಿಯಬೇಕು. ಕೈ ಮಸಿಯಾಗುತ್ತದೆ, ಅಷ್ಟೇ! ಒಂದು ಹಳೇ ಬಟ್ಟೆ ಇಟ್ಟುಕೊಳ್ಳಿ.

7. ಉಡುಪು, ಹೆಲ್ಮೆಟ್. ಹೆಲ್ಮೆಟ್ ಇಲ್ಲದವರಿಗೆ ಪ್ರವೇಶವಿಲ್ಲ. ದುಪಟ್ಟಾ ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಕುತ್ತು. ಮನೆಯಲ್ಲೇ ಬಿಡಿ, ಇಲ್ಲವೇ ಸೊಂಟಕ್ಕೆ ಬಿಗಿದು ಕಟ್ಟಿ. ಪೈಜಾಮದ ಕಾಲಿಗೆ ರಬ್ಬರ್ ಬ್ಯಾಂಡ್. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಹಗಲು ಹೊರಟರೂ ಇರಲಿ.

8. ದಾರಿಯ ನಡತೆ. ಒಬ್ಬರ ಹಿಂದೊಬ್ಬರು, ನಡುವೆ ನಾಲ್ಕು ಮಾರು ಅಂತರ. ಜೋಡಿ ಹೋಗುತ್ತಾ ಹರಟೆ ಬೇಡ. ಏರು ಬರುವ ಮುಂಚೆಯೇ ಗೇರು ಇಳಿಸಿ. ಇಳಿಜಾರಿನಲ್ಲಿ ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿ. ಮುಂದಿನ ಬ್ರೇಕನ್ನೊಂದೇ ಗಕ್ಕನೆ ಹಿಡಿದರೆ ಮುಗ್ಗರಿಸುತ್ತೀರಿ. ಮಳೆಗಾಲದಲ್ಲಿ ನಮ್ಮ ಕಡೆ ಈ ಸಾಹಸವೇ ಬೇಡ. ಪಾಚಿ, ತರಗೆಲೆ, ಉಂಬಳ! ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ.

9. ತಯಾರಿ. ಎರಡು ತಿಂಗಳು ಬೇಕು. ವಾರಕ್ಕೆ ಮೂರು ದಿನ ಐದಾರು ಕಿ.ಮೀ., ಭಾನುವಾರ ಒಂದು ದೂರದ ಸುತ್ತು: 10, 15, 20 ಎಂದು ಏರಿಸುತ್ತಾ 50 ಮುಟ್ಟಿ. ಬಿ.ಪಿ., ಸಕ್ಕರೆ ಕಾಯಿಲೆ, ಮೊಣಕಾಲು ನೋವು ಇದ್ದವರು ಡಾಕ್ಟರನ್ನು ಕೇಳದೆ ಹೊರಡಬೇಡಿ.

ಚೀಲದಲ್ಲಿ ಏನಿರಲಿ?

ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು. ಪೂರಿ-ಸಾಗು ಹೊಟ್ಟೆ ತುಂಬ ತಿಂದು ಏರು ಹತ್ತಿದರೆ ಏನಾಗುತ್ತದೆಂದು ನಮ್ಮ ಮೊದಲ ಸವಾರಿಯಲ್ಲೇ ಗೊತ್ತಾಯಿತು!

*ಮುರುಗಲು ಪಾನಕ:* ಏಳೆಂಟು ಒಣ ಮುರುಗಲು ಸಿಪ್ಪೆಯನ್ನು ಒಂದು ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಚೆನ್ನಾಗಿ ಹಿಚುಕಿ ಸೋಸಿ. ನಾಲ್ಕು ಚಮಚ ಬೆಲ್ಲ, ಅರ್ಧ ಚಿಕ್ಕ ಚಮಚ ಉಪ್ಪು, ಚಿಟಿಕೆ ಜೀರಿಗೆ ಪುಡಿ ಹಾಕಿ ಒಂದು ಲೀಟರ್ ಆಗುವಷ್ಟು ನೀರು ಸೇರಿಸಿ. ಬೆವರಿನಲ್ಲಿ ಹೋದ ಉಪ್ಪು ಇದರಿಂದ ಬರುತ್ತದೆ. ಸಕ್ಕರೆ ಕಾಯಿಲೆಯವರು ಬೆಲ್ಲದ ವಿಷಯ ಡಾಕ್ಟರನ್ನು ಕೇಳಿ.

*ಶೇಂಗಾ-ಅವಲಕ್ಕಿ ಉಂಡೆ:* ಎರಡು ಬಟ್ಟಲು ಹುರಿದು ಸಿಪ್ಪೆ ತೆಗೆದ ಶೇಂಗಾ, ಅರ್ಧ ಬಟ್ಟಲು ಹುರಿದ ಅವಲಕ್ಕಿ, ಕಾಲು ಬಟ್ಟಲು ಹುರಿದ ಎಳ್ಳು. ಇವನ್ನು ತರಿತರಿಯಾಗಿ ಪುಡಿ ಮಾಡಿ, ಒಂದು ಬಟ್ಟಲು ಬೆಲ್ಲದ ಪುಡಿ, ಏಲಕ್ಕಿ, ಎರಡು ಚಮಚ ಬಿಸಿ ತುಪ್ಪ ಸೇರಿಸಿ ನಿಂಬೆಗಾತ್ರದ ಉಂಡೆ ಕಟ್ಟಿ. ಗಂಟೆಗೆ ಒಂದು ತಿಂದರೆ ಕಾಲಿಗೆ ಬಲ. ಜೊತೆಗೆ ಬಾಳೆಹಣ್ಣು ಇದ್ದೇ ಇದೆ.

ಎರಡನೆಯ ಸವಾರಿ

2024ರ ಜನವರಿ. ಈ ಸಲ ಹತ್ತು ಜನ. ಆರೂಮುಕ್ಕಾಲಿಗೆ ಮಂಜಿನಲ್ಲಿ ಹೊರಟೆವು. ಮುಂದೆ ನಾನು, ಕಡೆಗೆ ಸೀಟಿ ಕಟ್ಟಿಕೊಂಡ ಅತ್ತಿಗೆ. ಕಾನಸೂರಿನಲ್ಲಿ ಎಣಿಕೆ: ಹತ್ತು. ಸಿದ್ದಾಪುರದಲ್ಲಿ: ಹತ್ತು. ಅಲ್ಲಿ ಒಬ್ಬಳು, ಎಲ್ಲರಿಗಿಂತ ಚಿಕ್ಕವಳು, "ನನ್ನ ಕೈಲಾಗೂದಿಲ್ಲ ಅಕ್ಕ, ಬಸ್ಸಿಗೆ ಹೋಗ್ತೆ" ಎಂದಳು. ಅತ್ತಿಗೆ, "ಆಯ್ತು, ಹೋಗು. ಬಸ್ಸು ಬರೂತನಕ ಪಾನಕ ಕುಡಿ" ಎಂದು ಪಕ್ಕದಲ್ಲಿ ಕೂತರು. ಅರ್ಧ ಗಂಟೆಯಾದ ಮೇಲೆ ಬಸ್ಸು ಬಂತು. ಆ ಹುಡುಗಿ ಎದ್ದು ಹತ್ತಿದ್ದು ಸೈಕಲ್ಲನ್ನು! "ನೀವು ಹಿಂದೆ ಇರ್ತ್ರಲ, ಹಂಗಾರೆ ಹೆದರಿಕೆ ಇಲ್ಲೆ" ಎಂದಳು.

ತಿರುಗಿ ಬರುವಾಗ ಆ ತೋಟದ ಮನೆಯ ಮುಂದೆ ಎಲ್ಲರೂ ಇಳಿದೆವು. ಆ ತಾಯಿಗೆ ಒಂದು ಡಬ್ಬಿ ಉಂಡೆ ಕೊಟ್ಟೆವು. ಅವರು ನಮ್ಮನ್ನು ಎಣಿಸಿ, "ಈ ಸಲ ಎಲ್ಲರೂ ಇದ್ದೀರಾ?" ಎಂದು ಕೇಳಿದರು. ಅತ್ತಿಗೆ ಮನಸಾರೆ ನಕ್ಕರು.

ನಾಲ್ಕೂ ನಲವತ್ತಕ್ಕೆ ಶಿರಸಿ ಮುಟ್ಟಿದೆವು. ಅಂದುಕೊಂಡದ್ದಕ್ಕಿಂತ ಹತ್ತು ನಿಮಿಷ ತಡ. ಆದರೇನು? ಫೋಟೋದಲ್ಲಿ ಹತ್ತು ಮುಖಗಳೂ ಇವೆ.

ಮುಂದಿನ ಸಲ ಯಲ್ಲಾಪುರಕ್ಕೆ ಹೋಗಬೇಕೆಂದಿದ್ದೇವೆ. ನಿಮ್ಮ ಊರಿನಲ್ಲಿ ಸಿದ್ದಾಪುರ, ಯಲ್ಲಾಪುರ ಇಲ್ಲದಿರಬಹುದು; ಹತ್ತು ಕಿ.ಮೀ. ದೂರದ ಒಂದು ದೇವಸ್ಥಾನವೋ ಕೆರೆಯೋ ಇದ್ದೇ ಇರುತ್ತದೆ. ನಾಳೆ ಬೆಳಿಗ್ಗೆ ಆ ಸೈಕಲ್ಲಿನ ಧೂಳು ಒರೆಸಿ. ಪಕ್ಕದ ಮನೆಯವಳನ್ನೂ ಕರೆಯಿರಿ. ಹೊರಟ ಮೇಲೆ ಮಾತ್ರ, ಗೆಳತಿ, ಆಗಾಗ ಹಿಂತಿರುಗಿ ನೋಡುವುದನ್ನು ಮರೆಯಬೇಡಿ!